ಮಾರ್ತಾಳ ಮಗ ಗೋಲು ಕಾಯುತ್ತಿದ್ದ ವರ್ಷ

ಹೋದ ವಾರ ಹಮೀದ್ ಭಾಯ್ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದೆ. ಮೇಲಿನ ಶೆಲ್ಫಿನಿಂದ ಹಸಿರು ಬಣ್ಣದ ಪೊಟ್ಟಣವೊಂದು ಬಿದ್ದು ಒಡೆಯಿತು. ಎಲೆಯ ಪುಡಿ ನೆಲದ ತುಂಬ ಹರಡಿ, ಒಣಹುಲ್ಲಿಗೆ ಹೊಗೆ ಹಿಡಿದಂಥ ವಾಸನೆಯೊಂದು ಎದ್ದಿತು. ನನ್ನ ಕೈ ಸೊಪ್ಪಿನ ಮೇಲೆಯೇ ನಿಂತಿತು.

"ಎಂತ ಐರಿನಕ್ಕ, ಮಾರ್ತಾ ಮೇಡಂ ನೆನಪಾದ್ರಾ?" ಎಂದರು ಹಮೀದ್ ಭಾಯ್, ಪೊರಕೆ ಹುಡುಕುತ್ತಾ. "ಅವ್ರು ಹೋದ ಮೇಲೆ ಇದನ್ನು ಕೇಳುವವ್ರು ಸಿರಿಯಾದವ್ರು ಮಾತ್ರ. ಅವ್ರೂ ಎಷ್ಟು ಜನ ಉಂಟು ಈಗ ಈ ಬಿಲ್ಡಿಂಗಲ್ಲಿ."

ಹಮೀದ್ ಭಾಯ್ ವಿಟ್ಲದವರು. ದೋಹಾದ ಬಿನ್ ಒಮ್ರಾನಿನಲ್ಲಿ ನಮ್ಮ ಕಟ್ಟಡದ ಕೆಳಗೇ ಅವರ ಅಂಗಡಿ. ಯಾರಿಗೆ ಏನು ಬೇಕೋ ಅದನ್ನು ತಂದಿಡುವುದು ಅವರ ಕ್ರಮ: ನಮಗೆ ಕುಚ್ಚಲಕ್ಕಿ, ಫಿಲಿಪೀನಿನವರಿಗೆ ಒಣಮೀನು, ಸಿರಿಯಾದವರಿಗೆ ಮತ್ತು ಮಾರ್ತಾಳಿಗೆ ಈ ಮಾತೆ ಎಂಬ ಸೊಪ್ಪು. ದಕ್ಷಿಣ ಅಮೆರಿಕದ ಕಡೆಯವರು ಇದರ ಮೇಲೆ ಬಿಸಿನೀರು ಹೊಯ್ದು ಲೋಹದ ನಳಿಕೆಯಲ್ಲಿ ಹೀರುತ್ತಾರೆ. ಅದು ಸಿರಿಯಾದವರಿಗೆ ಹೇಗೆ ಅಂಟಿತು ಎಂದು ಕೇಳಬೇಡಿ, ನನಗೆ ಗೊತ್ತಿಲ್ಲ. ಕೊತ್ತಂಬರಿ ತೆಗೆದುಕೊಂಡು ಮೇಲೆ ಬಂದೆ. ಎದುರು ಫ್ಲ್ಯಾಟಿನಲ್ಲಿ ಈಗ ಕಣ್ಣೂರಿನವರು ಇದ್ದಾರೆ. ಬಾಗಿಲ ಹೊರಗೆ ಮಕ್ಕಳ ಸೈಕಲ್ಲು ನಿಂತಿರುತ್ತದೆ. ಅಡುಗೆಗೆ ಇಟ್ಟು ಕೂತರೆ ತಲೆಯಲ್ಲಿ ಆ ಒಂದು ವರ್ಷವೇ ತಿರುಗತೊಡಗಿತು.

ಫುಟ್‌ಬಾಲಿಗೂ ನನಗೂ ಯಾವ ನಂಟೂ ಇರಲಿಲ್ಲ. ಶಿರ್ವದ ನಮ್ಮ ಮನೆಯಲ್ಲಿ ಗಂಡಸರು ನೋಡುತ್ತಿದ್ದುದು ಕ್ರಿಕೆಟ್ಟು. ಅದಕ್ಕೂ ನಾನು ಟೀ ಕೊಡಲು ಮಾತ್ರ ಹೋಗುತ್ತಿದ್ದವಳು. ಅಂಥ ನಾನು ಒಂದು ವರ್ಷವಿಡೀ ಉರುಗ್ವೆ ಎಂಬ ದೇಶದ ಮೊದಲ ದರ್ಜೆಯ ಲೀಗನ್ನು ಎದೆ ಹಿಡಿದುಕೊಂಡು ನೋಡಿದೆ ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ನನ್ನ ಗಂಡ ವಿನ್ಸೆಂಟನೇ ಈಗಲೂ ಪೂರ್ತಿ ನಂಬಿಲ್ಲ.

ಮಾರ್ತಾ ಆಗ ಎರಡು ವರ್ಷದಿಂದ ಎದುರು ಮನೆಯವಳು. ಹೆಂಗಸರ ಕ್ಲಬ್ಬೊಂದರಲ್ಲಿ ಈಜು ಕಲಿಸುತ್ತಿದ್ದಳು. ಐವತ್ತರ ಹತ್ತಿರದ ವಯಸ್ಸು, ಅಗಲ ಭುಜ, ಯಾವಾಗಲೂ ಒದ್ದೆಯಾಗಿರುವ ಕೂದಲು. ಲಿಫ್ಟಿನಲ್ಲಿ ಮುಗುಳ್ನಕ್ಕದ್ದು ಬಿಟ್ಟರೆ ನಮಗೆ ಪರಿಚಯವೇ ಇರಲಿಲ್ಲ. ದೋಹಾದ ಕಟ್ಟಡಗಳಲ್ಲಿ ಹಾಗೆಯೇ. ಪಕ್ಕದ ಮನೆಯ ಒಗ್ಗರಣೆಯ ವಾಸನೆ ಗೊತ್ತಿರುತ್ತದೆ, ಹೆಸರು ಗೊತ್ತಿರುವುದಿಲ್ಲ.

ಅದು ಫೆಬ್ರವರಿಯ ಒಂದು ಶನಿವಾರ, ಸಂಜೆ ನಾಲ್ಕು ಗಂಟೆ. ವಿನ್ಸೆಂಟ್ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟಿನಲ್ಲಿದ್ದ. ನಾನು ಅಲ್ ಸದ್ದ್‌ನ ಆಫೀಸಿನಲ್ಲಿ ವಾರವಿಡೀ ಕಾಗದಪತ್ರಗಳ ಜೊತೆ ಗುದ್ದಾಡಿ ಸುಸ್ತಾಗಿ ಕಾಲು ಚಾಚಿದ್ದೆ. ಬೆಲ್ಲಾಯಿತು. ಬಾಗಿಲು ತೆಗೆದರೆ ಮಾರ್ತಾ, ಮುಖದಲ್ಲಿ ರಕ್ತವೇ ಇಲ್ಲ. ಯಾರೋ ತೀರಿಕೊಂಡಿರಬೇಕು ಎಂದುಕೊಂಡೆ.

"ನಿನಗೆ ಪುರುಸೊತ್ತಿದೆಯಾ?" ಎಂದಳು. "ನನ್ನ ಮಗ ಆಡುತ್ತಿದ್ದಾನೆ. ನನಗೆ ನೋಡಲು ಆಗುವುದಿಲ್ಲ. ನೀನು ಬಂದು ನನ್ನ ಬದಲು ನೋಡಬೇಕು."

ಅವಳು ಹೇಳಿದ್ದು ಇಂಗ್ಲಿಷಿನಲ್ಲಿ. ಅವಳ ಇಂಗ್ಲಿಷು ಅರ್ಧ, ನನ್ನದು ಆಫೀಸಿನದು. ನಡುವೆ ಅವಳ ಸ್ಪ್ಯಾನಿಷೂ ನನ್ನ ಕೊಂಕಣಿಯೂ ಒಂದಿಷ್ಟು ಸೇರುತ್ತಿದ್ದವು. ನಾವು ಮೇಜಿಗೆ ಮೆಜ್ ಎಂದರೆ ಅವರು ಮೇಸಾ ಎನ್ನುತ್ತಾರೆ, ನಾವು ಪಾದ್ರಿ ಎಂದರೆ ಅವರು ಪಾದ್ರೆ. ಅದರಲ್ಲೇ ಒಂದು ವರ್ಷ ಸಂಸಾರ ಮಾಡಿದೆವು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ.

ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು. ಸಣ್ಣದೊಂದು ಮೈದಾನ. ಒಂದು ಬದಿಯಲ್ಲಿ ಜನ ಕೂರುವ ಮೆಟ್ಟಿಲು, ಇನ್ನೊಂದು ಬದಿಯಲ್ಲಿ ಗೋಡೆ, ಗೋಡೆಯಾಚೆ ಯಾರದೋ ಮಹಡಿಯಲ್ಲಿ ಒಣಗಲು ಹಾಕಿದ ಬಟ್ಟೆ. ಮೊಂತೆವಿಡಿಯೊ ನಗರದ ಬಂದರಿನ ಹತ್ತಿರದ ಕೇರಿಯ ಕ್ಲಬ್ಬು ಅದು. ರಾತ್ರಿ ಆಡಲು ದೀಪದ ಕಂಬಗಳಿಲ್ಲ, ಹಾಗಾಗಿ ಅವರ ಮೈದಾನದ ಪಂದ್ಯಗಳೆಲ್ಲ ಬೆಳಿಗ್ಗೆ. ಅಲ್ಲಿಯ ಬೆಳಿಗ್ಗೆ ನಮಗೆ ಸಂಜೆಯ ಟೀ ಹೊತ್ತು. ಗೋಲಿನ ಮುಂದೆ ಹಳದಿ ಅಂಗಿ ತೊಟ್ಟು ನಿಂತಿದ್ದ ಉದ್ದ ಕುತ್ತಿಗೆಯ ಹುಡುಗ ಬ್ರೂನೊ.

"ಇಷ್ಟು ದಿನ ಹೊರಗೆ ಬೆಂಚಿನಲ್ಲಿ ಕೂರುತ್ತಿದ್ದ. ಆಗ ನೋಡಲು ಸುಖವಾಗಿತ್ತು," ಎಂದಳು ಮಾರ್ತಾ. "ಅವನಿಗೊಂದು ಅವಕಾಶ ಸಿಗಲಿ ಎಂದು ಹರಕೆ ಹೊತ್ತೆ. ಹೋದ ವಾರ ಮೊದಲನೆಯ ಗೋಲ್‌ಕೀಪರನ ಭುಜ ಮುರಿಯಿತು. ನಾನು ಹಾಗೆಂದು ಕೇಳಿರಲಿಲ್ಲ."

ಕೆಲಸದ ವಿವರ ಇಷ್ಟು: ನಾನು ಮೇಜಿನ ಮುಂದೆ ಕೂರಬೇಕು. ಅವಳು ಅಡುಗೆಮನೆಯಲ್ಲಿ ಬೆನ್ನು ಹಾಕಿ ನಿಂತಿರುತ್ತಾಳೆ. "ಎಲ್ಲಿದೆ?" ಎಂದು ಕೇಳಿದಾಗ ಬಾಲು ಎಲ್ಲಿದೆ ಎಂದು ಹೇಳಬೇಕು. "ಆ ಕಡೆ" ಎಂದರೆ ಎದುರಾಳಿಯ ಗೋಲಿನ ಹತ್ತಿರ. ಅವಳು ಬಂದು ನೋಡುತ್ತಾಳೆ. "ಈ ಕಡೆ" ಎಂದರೆ ಬ್ರೂನೊನ ಹತ್ತಿರ. ನಲ್ಲಿ ಜೋರಾಗಿ ತಿರುಗಿಸಿ ಪಾತ್ರೆ ತೊಳೆಯುತ್ತಾಳೆ. ಮೊದಲರ್ಧ ಚೆನ್ನಾಗಿಯೇ ನಡೆಯಿತು. ಅರ್ಧ ಆಟ ಮುಗಿದ ಮೇಲೆ ತಂಡಗಳು ಬದಿ ಬದಲಿಸುತ್ತವೆ ಎಂಬುದು ನನಗೆ ಯಾರು ಹೇಳಿದ್ದರು? ನಾನು ಧೈರ್ಯವಾಗಿ "ಆ ಕಡೆ, ಆ ಕಡೆ" ಎಂದೆ. ಮಾರ್ತಾ ಕೈ ಒರೆಸಿಕೊಂಡು ನಗುತ್ತಾ ಹೊರಗೆ ಬಂದಳು. ಪರದೆಯಲ್ಲಿ ಅವಳ ಮಗನ ಮೈಮೇಲೆ ಮೂರು ಜನ ಬಿದ್ದಿದ್ದರು.

ಗೋಲು ಆಗಲಿಲ್ಲ, ನನ್ನ ಪುಣ್ಯ. ಆದರೆ ಅವಳು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

ಪಂದ್ಯ ಗೆದ್ದರು. ಮಾರ್ತಾ ಸೋರೆಬುರುಡೆಯ ಪುಟ್ಟ ಪಾತ್ರೆಯಲ್ಲಿ ಮಾತೆ ತುಂಬಿ, ತಾನು ಒಂದು ಸಲ ಹೀರಿ, ಅದೇ ನಳಿಕೆಯನ್ನು ನನ್ನ ಕಡೆ ತಿರುಗಿಸಿ ಕೊಟ್ಟಳು. ಎಂಜಲು! ಇಗರ್ಜಿಗೆ ಹೋಗುವ ಕ್ರೈಸ್ತರಾದರೇನು, ನಮ್ಮ ಮನೆಯಲ್ಲೂ ಚೆಂಬು ಎತ್ತಿ ಬಾಯಿಗೆ ತಾಗಿಸದೆ ಕುಡಿದೇ ಬೆಳೆದವಳು ನಾನು. ನಳಿಕೆಯನ್ನು ಬಾಯಿಗೆ ತಾಗಿಸದೆ ಹೀರುವ ಉಪಾಯ ಯಾರಿಗೂ ಇಲ್ಲ. ಕಣ್ಣು ಮುಚ್ಚಿ ಹೀರಿದೆ. ಕಷಾಯಕ್ಕಿಂತ ಕಹಿ. ಮುಂದಿನ ಶನಿವಾರ ಅವಳು ಕರೆಯುವ ಮೊದಲೇ ನಾನು ಹೋಗಿ ಬೆಲ್ಲು ಒತ್ತಿದೆ.

ಮಾರ್ಚ್, ಏಪ್ರಿಲ್ ಅಂದರೆ ಇಲ್ಲಿ ಧೂಳಿನ ಕಾಲ. ಕಿಟಕಿಯ ಸಂದಿಯಲ್ಲಿ ಒದ್ದೆ ಬಟ್ಟೆ ತುರುಕಿ ಕೂರುತ್ತಿದ್ದೆವು. ಆಚೆ ಆಕಾಶ ಕಂದು. ಲ್ಯಾಪ್‌ಟಾಪಿನಲ್ಲಿ ಹಸಿರು ಹುಲ್ಲು. ಬೇರೆ ಊರಿನ ಮೈದಾನಗಳಲ್ಲಿ ಆಡುವ ಪಂದ್ಯ ಕೆಲವು ಸಲ ಅವೇಳೆಯಲ್ಲಿ ಬರುತ್ತಿತ್ತು. ಅದನ್ನು ನಾವು ಮರುದಿನ ಫಲಿತಾಂಶ ತಿಳಿದುಕೊಂಡು ಧೈರ್ಯವಾಗಿ ನೋಡುತ್ತಿದ್ದೆವು. ಕೇರಿಯ ತಂಡ ಗೆಲ್ಲುತ್ತಲೇ ಇತ್ತು. ಬ್ರೂನೊನ ಕೈಗೆ ಬಾಲು ಅಂಟಿಕೊಳ್ಳುತ್ತಿತ್ತು. ವಿನ್ಸೆಂಟ್ ಪ್ಲಾಂಟಿನ ಕ್ಯಾಂಪಿನಿಂದ ಫೋನು ಮಾಡಿದರೆ ನಾನು "ಆಮೇಲೆ ಮಾಡ್ತೇನೆ" ಎಂದು ಇಡುತ್ತಿದ್ದೆ.

"ಎಂತ ಮಾಡ್ತಿದ್ದಿ ನೀನು?" ಎಂದ ಒಂದು ದಿನ.

"ಮ್ಯಾಚ್ ಉಂಟು."

"ಯಾರಿಗೆ?"

"ನಮಗೆ."

ಶಿಫ್ಟು ಮುಗಿಸಿ ಬಂದವನು ನನ್ನ ಫೋನಿಗೆ ಒಂದು ಆಪ್ ಹಾಕಿಕೊಟ್ಟ. ಗೋಲಾದರೆ ಟಿಂಗ್ ಎನ್ನುತ್ತದೆ, ಅಂಕಪಟ್ಟಿ ತೋರಿಸುತ್ತದೆ. ಅದರಿಂದ ಒಂದು ಪೀಕಲಾಟವೂ ಶುರುವಾಯಿತು: ಲ್ಯಾಪ್‌ಟಾಪಿನ ಚಿತ್ರ ಏಳು ಸಮುದ್ರ ದಾಟಿ ನಿಧಾನವಾಗಿ ಬರುತ್ತಿತ್ತು, ಆಪ್ ಅದಕ್ಕಿಂತ ಒಂದು ನಿಮಿಷ ಮುಂದಿರುತ್ತಿತ್ತು. ಪರದೆಯಲ್ಲಿ ಬಾಲು ಇನ್ನೂ ಮಧ್ಯದಲ್ಲಿರುವಾಗಲೇ ಫೋನು ಟಿಂಗ್ ಎಂದುಬಿಡುತ್ತಿತ್ತು. ಯಾರು ಹೊಡೆದದ್ದು ಎಂದು ತಿಳಿಯುವ ತನಕ ಇಬ್ಬರ ಜೀವವೂ ಬಾಯಿಗೆ ಬರುತ್ತಿತ್ತು. ಪಂದ್ಯದ ಹೊತ್ತಿಗೆ ಅದನ್ನು ಬಂದ್ ಮಾಡಬೇಕೆಂದು ಮಾರ್ತಾ ಕಾನೂನು ಮಾಡಿದಳು.

ಮೇ ತಿಂಗಳಲ್ಲಿ ಒಂದು ದಿನ ಅಂಕಪಟ್ಟಿ ನೋಡಿದೆ. ಹದಿನಾರು ತಂಡಗಳಲ್ಲಿ ನಮ್ಮದು ಆರನೆಯದು. ಕ್ರಿಕೆಟ್ಟಿನ ಅಂಕಪಟ್ಟಿ ಕಂಡ ಕಣ್ಣಿಗೆ ಇದು ಸಂತೋಷದ ಸುದ್ದಿಯೇ. ಹಮೀದ್ ಭಾಯ್ ಹತ್ತಿರ ಬೆಲ್ಲ, ತೆಂಗಿನಕಾಯಿ ತಂದು ಹೆಸರುಬೇಳೆಯ ಪಾಯಸ ಮಾಡಿದೆ; ನಮ್ಮಲ್ಲಿ ಅದಕ್ಕೆ ವೊರ್ನ್ ಎನ್ನುತ್ತೇವೆ, ಮದುವೆಗೆ ಮಾಡುವಂಥದ್ದು. ಬಟ್ಟಲು ಹಿಡಿದು ಎದುರು ಮನೆಗೆ ಹೋದೆ.

"ಏನು ವಿಶೇಷ?" ಎಂದಳು ಮಾರ್ತಾ.

"ಆರನೆಯ ಸ್ಥಾನ. ಇನ್ನೇನು ಬೇಕು ನಿನಗೆ?"

ಅವಳು ಬಟ್ಟಲು ತೆಗೆದುಕೊಂಡಳು. ಒಂದು ಚಮಚ ತಿಂದು ಚೆನ್ನಾಗಿದೆ ಎಂದಳು. ಆಮೇಲೆ ನನ್ನನ್ನು ಕೂರಿಸಿ, ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದಳು. ಅವರ ದೇಶದಲ್ಲಿ ವರ್ಷದ ಕೊನೆಗೆ ಮೂರು ತಂಡಗಳನ್ನು ಎರಡನೆಯ ದರ್ಜೆಗೆ ತಳ್ಳುತ್ತಾರೆ. ಯಾವ ಮೂರು ಎಂಬುದನ್ನು ಈ ವರ್ಷದ ಪಟ್ಟಿ ನೋಡಿ ತೀರ್ಮಾನಿಸುವುದಿಲ್ಲ. ಹೋದ ವರ್ಷದ್ದನ್ನೂ ಈ ವರ್ಷದ್ದನ್ನೂ ಕೂಡಿಸಿ, ಪಂದ್ಯಕ್ಕೆ ಎಷ್ಟು ಅಂಕ ಎಂದು ಸರಾಸರಿ ತೆಗೆಯುತ್ತಾರೆ. ಹೋದ ವರ್ಷ ಕೇರಿಯ ತಂಡ ಸೋತು ಸುಣ್ಣವಾಗಿತ್ತು. ಹೇಗೋ ಕೂದಲೆಳೆಯಲ್ಲಿ ಉಳಿದುಕೊಂಡಿತ್ತು. ಈ ವರ್ಷ ಆರನೆಯದಾದರೂ ಸರಾಸರಿಯಲ್ಲಿ ಕೆಳಗಿನಿಂದ ಮೂರನೆಯದು.

"ಹೋದ ವರ್ಷ ಬ್ರೂನೊ ಆಡಿಯೇ ಇಲ್ಲವಲ್ಲ," ಎಂದೆ.

"ಇಲ್ಲ."

"ಆಗ ಆಡಿದವರು?"

"ಅರ್ಧ ಜನ ಬೇರೆ ಕ್ಲಬ್ಬಿಗೆ ಹೋದರು. ಒಬ್ಬ ಟ್ಯಾಕ್ಸಿ ಓಡಿಸುತ್ತಾನೆ."

ನನಗೆ ಸಿಟ್ಟು ಬಂತು. ಅಣ್ಣ ಫೇಲಾದ ಮಾರ್ಕನ್ನು ತಮ್ಮನ ಮಾರ್ಕಿಗೆ ಕೂಡಿಸಿ ತಮ್ಮನನ್ನು ಫೇಲು ಮಾಡಿದ ಹಾಗಾಯಿತು ಇದು, ಯಾವ ಸೀಮೆಯ ನ್ಯಾಯ ಎಂದು ಕೂಗಾಡಿದೆ. ಮಾರ್ತಾ ಭುಜ ಕುಣಿಸಿದಳು. ದೊಡ್ಡ ಕ್ಲಬ್ಬುಗಳು ಒಂದು ಕೆಟ್ಟ ವರ್ಷಕ್ಕೆ ಬೀಳಬಾರದು ಎಂದು ಮಾಡಿದ ನಿಯಮವಂತೆ. ಹುಟ್ಟಿದಾಗಿನಿಂದ ಕಂಡವಳಿಗೆ ಅದು ಮಳೆ ಬಿಸಿಲಿನಂಥ ಸಂಗತಿ. ನಾನು ತಂದ ಪಾಯಸವನ್ನು ಮಾತ್ರ ಪೂರ್ತಿ ತಿಂದಳು.

ತಂಡ ಬಿದ್ದರೆ ಏನಾಗುತ್ತದೆ ಎಂಬುದನ್ನೂ ಆ ದಿನವೇ ಹೇಳಿದಳು. ಎರಡನೆಯ ದರ್ಜೆಯಲ್ಲಿ ಆಡಿ ಯಾರೂ ಬದುಕಲಾಗುವುದಿಲ್ಲ. ಹುಡುಗರು ಹಗಲು ಕೆಲಸಕ್ಕೆ ಹೋಗಿ ಸಂಜೆ ಕಾಲೆಳೆದುಕೊಂಡು ಅಭ್ಯಾಸಕ್ಕೆ ಬರುತ್ತಾರೆ, ಒಂದೆರಡು ವರ್ಷದಲ್ಲಿ ಬಿಡುತ್ತಾರೆ. ಮಾರ್ತಾಳ ಗಂಡ ಹಾಗೆಯೇ ಆಟ ಬಿಟ್ಟವನು. ಸಾಯುವ ತನಕ ಭಾನುವಾರಗಳಂದು ಯಾರೊಡನೆಯೂ ಮಾತಾಡುತ್ತಿರಲಿಲ್ಲವಂತೆ. ಮಗನಿಗೆ ಹಾಗಾಗಬಾರದು, ಅವನು ಕೆಲಸದ ಚಿಂತೆಯಿಲ್ಲದೆ ಆಡಲಿ ಎಂದೇ ಅವಳು ಈ ಮರಳುಗಾಡಿಗೆ ಬಂದು ಕೊಳಕ್ಕಿಳಿದವಳು. ಬ್ರೂನೊ ಸ್ಪಷ್ಟವಾಗಿ ಹೇಳಿಬಿಟ್ಟಿದ್ದ: ತಂಡ ಬಿದ್ದರೆ ಕೈಗವಸು ಬಿಚ್ಚಿಡುತ್ತೇನೆ, ಮಾವನ ಕೋಲ್ಡ್ ಸ್ಟೋರೇಜಿಗೆ ಕೆಲಸಕ್ಕೆ ಹೋಗುತ್ತೇನೆ, ನೀನು ಮನೆಗೆ ಬಾ.

"ಮನೆಗೆ ಬಾ ಎನ್ನುತ್ತಾನೆ," ಎಂದಳು ಮಾರ್ತಾ. "ಸೋತು ಮನೆಗೆ ಬಾ ಎಂದ ಹಾಗೆ."

ಆಮೇಲೆ ಬೇಸಿಗೆ ಬಂತು. ದೋಹಾದ ಬೇಸಿಗೆಯನ್ನು ವರ್ಣಿಸುವುದು ನನ್ನಿಂದಾಗದು. ನಲ್ಲಿಯ ತಣ್ಣೀರೂ ಕೈ ಸುಡುತ್ತದೆ ಎಂದರೆ ಸಾಕು. ನಮ್ಮವರ ಸಂಸಾರಗಳೆಲ್ಲ ಊರಿಗೆ ಹೋದವು. ನಾನು ಆಫೀಸಿನಲ್ಲಿ ರಜೆ ಸಿಗದೆ ಉಳಿದೆ. ಮಾರ್ತಾ ಹೋಗಬಹುದಿತ್ತಲ್ಲ, ಒಂದು ಪಂದ್ಯವಾದರೂ ಮೆಟ್ಟಿಲ ಮೇಲೆ ಕೂತು ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಈಜು ಕಲಿಸುವವರಿಗೆ ಬೇಸಿಗೆಯೇ ಸುಗ್ಗಿ. ರಜೆ ಕೇಳಿದ್ದಕ್ಕೆ ಮ್ಯಾನೇಜರು "ಹೋಗಿ, ಆದ್ರೆ ಹೋದ್ರೆ ಖಲಾಸ್" ಎಂದಿದ್ದಳಂತೆ. ಡಿಸೆಂಬರಿನಲ್ಲಿ ಬೇಕಾದರೆ ಹೋಗಬಹುದು. ಡಿಸೆಂಬರಿನಲ್ಲಿ ಲೀಗು ಮುಗಿದಿರುತ್ತದೆ.

ನಾವು ಇಲ್ಲಿ ಏಸಿಯ ಅಡಿಯಲ್ಲಿ ಕೂತಿದ್ದರೆ ಅಲ್ಲಿ ಚಳಿಗಾಲ. ಬ್ರೂನೊನ ಬಾಯಿಯಿಂದ ಹಬೆ ಬರುತ್ತಿತ್ತು. ಶುಕ್ರವಾರ ಅವನು ತಾಯಿಗೆ ಫೋನು ಮಾಡುವಾಗ ನನಗೂ ಒಂದು "ಓಲಾ, ಇರೇನೆ" ಸಿಗುತ್ತಿತ್ತು. ನನ್ನ ಹೆಸರನ್ನು ಅವರಿಬ್ಬರೂ ಹಾಗೇ ಎಳೆಯುತ್ತಿದ್ದರು. ಹುಡುಗ ಮೈದಾನದಲ್ಲಿ ಗರ್ಜಿಸುತ್ತಿದ್ದ, ಫೋನಿನಲ್ಲಿ ನಾಚುತ್ತಿದ್ದ. ಅಮ್ಮ ಊಟ ಮಾಡುತ್ತಾಳಾ ಎಂದು ಅವನು ಕೇಳುತ್ತಾನೆಂದೂ, ಮಗ ಸಾಕ್ಸು ಹಾಕಿದ್ದಾನಾ ಎಂದು ಇವಳು ಕೇಳುತ್ತಾಳೆಂದೂ ಸ್ಪ್ಯಾನಿಷ್ ಬಾರದ ನನಗೂ ತಿಳಿಯುತ್ತಿತ್ತು. ತಾಯಂದಿರು ಕೇಳುವುದು ಎಲ್ಲ ದೇಶಗಳಲ್ಲೂ ಅದೇ ನಾಲ್ಕು ಪ್ರಶ್ನೆ.

ಸರಾಸರಿ ಮಾತ್ರ ಅಲುಗಾಡಲಿಲ್ಲ. ಗೆದ್ದರೆ ಕೂದಲಿನಷ್ಟು ಏರುತ್ತಿತ್ತು, ಸೋತರೆ ಬೆರಳಿನಷ್ಟು ಇಳಿಯುತ್ತಿತ್ತು. ಇದರ ಮೇಲೆ ಇನ್ನೊಂದು ಕಾಟ: ಆ ವರ್ಷವೇ ಎರಡನೆಯ ದರ್ಜೆಯಿಂದ ಮೇಲೆ ಬಂದ ಒಂದು ತಂಡ. ಅವರಿಗೆ ಹೋದ ವರ್ಷದ ಲೆಕ್ಕವೇ ಇಲ್ಲ, ಈ ವರ್ಷದ ಪಂದ್ಯಗಳು ಮಾತ್ರ. ಸಣ್ಣ ಪಾತ್ರೆಯ ಸಾರಿಗೆ ಒಂದು ಚಮಚ ಉಪ್ಪು ಬಿದ್ದರೆ ಕೂಡಲೇ ನಾಲಿಗೆಗೆ ತಿಳಿಯುತ್ತದೆ. ಹಂಡೆಗೆ ಬಿದ್ದರೆ ತಿಳಿಯುವುದಿಲ್ಲ. ಅವರು ಒಂದು ಪಂದ್ಯ ಗೆದ್ದರೆ ನಾವು ಎರಡು ಗೆದ್ದಷ್ಟಾಗುತ್ತಿತ್ತು. ಬರುಬರುತ್ತಾ ನಮ್ಮ ತಂಡ ಮತ್ತು ಅವರ ತಂಡ, ಇಬ್ಬರಲ್ಲಿ ಒಬ್ಬರು ಉಳಿಯುವುದು ಎಂದಾಯಿತು.

"ಬ್ರೆಜಿಲ್ ಹಿಡೀರಿ ಐರಿನಕ್ಕ, ಬ್ರೆಜಿಲ್," ಎಂದು ಹಮೀದ್ ಭಾಯ್ ಕೀಟಲೆ ಮಾಡುತ್ತಿದ್ದರು. ಅವರ ಗಲ್ಲಾದ ಮೇಲೆ ಬ್ರೆಜಿಲಿನ ಹಸಿರು ಹಳದಿ ಬಾವುಟ ಸದಾ ಇರುತ್ತದೆ. "ಈ ಸಣ್ಣ ಕ್ಲಬ್ಬು ಕಟ್ಕೊಂಡು ಎಂತ ಮಾಡ್ತೀರಿ? ಬಿಪಿ ಬರ್ತದೆ ಅಷ್ಟೇ."

"ನಾನು ಕಟ್ಕೊಂಡದ್ದಲ್ಲ ಮಾರಾಯ್ರೆ, ಅದೇ ಬಂದು ಕಟ್ಟಿಕೊಂಡದ್ದು," ಎನ್ನುತ್ತಿದ್ದೆ.

ಆಮೇಲೆ ಸೆಪ್ಟೆಂಬರಿನ ಆ ಪಂದ್ಯ ಬಂತು. ಆಚೆ ಉಸಿರುಗಟ್ಟಿಸುವ ಸೆಕೆ, ಕಿಟಕಿಯ ಗಾಜಿನ ಮೇಲೆ ಬೆವರಿನಂತೆ ನೀರು. ಎರಡೂ ಕಡೆ ಗೋಲಿಲ್ಲ, ಮುಗಿಯಲು ಸ್ವಲ್ಪವೇ ಉಳಿದಿತ್ತು. ಯಾರೋ ದೂರದಿಂದ ಏನೂ ಜೋರಿಲ್ಲದೆ ಒದ್ದ ಬಾಲು ನೆಲದ ಮೇಲೆ ಉರುಳಿಕೊಂಡು ಬಂತು. ಬ್ರೂನೊ ಬಗ್ಗಿದ. ಬಾಲು ಅವನ ಎರಡು ಕೈಗಳ ನಡುವಿನಿಂದ, ಎರಡು ಕಾಲುಗಳ ನಡುವಿನಿಂದ ಹಿಂದಕ್ಕೆ ಹೋಯಿತು. ಅವನು ಹಾಗೇ ಬಗ್ಗಿಕೊಂಡು ನಿಂತ. ನಮ್ಮವರದೇ ಮೆಟ್ಟಿಲಿನಿಂದ ಸಿಳ್ಳೆಗಳು ಎದ್ದವು. ಅಲ್ಲಿ ಸಿಳ್ಳೆ ಹಾಕುವುದು ಬಯ್ಯುವುದಕ್ಕೆ.

ಅಡುಗೆಮನೆಯಲ್ಲಿ ನಲ್ಲಿ ನಿಂತಿತು.

"ಎಲ್ಲಿದೆ?" ಎಂದಳು ಮಾರ್ತಾ.

"ಮಧ್ಯದಲ್ಲಿದೆ" ಎಂದೆ. ಸುಳ್ಳೇನೂ ಅಲ್ಲ. ಗೋಲಾದ ಮೇಲೆ ಬಾಲನ್ನು ತಂದು ಮೈದಾನದ ನಡುವೆ ಇಡುತ್ತಾರೆ.

ಅದು ಅವಳಿಗೆ ಗೊತ್ತಿಲ್ಲದೆ ಇರುತ್ತದೆಯೇ? "ಅವನದೇ ತಪ್ಪಾ?" ಎಂದು ಕೇಳಿದಳು.

"ಹೌದು."

ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ಆ ದಿನದಿಂದ ಅವಳು ಅಡುಗೆಮನೆಗೆ ಹೋಗುವುದನ್ನೇ ಬಿಟ್ಟಳು. ಅಲ್ಲಿ ಅಷ್ಟು ಜನ ಸಿಳ್ಳೆ ಹಾಕುವಾಗ ನಾನು ಬೆನ್ನು ಹಾಕಿ ನಿಂತಿದ್ದೆನಲ್ಲ, ಇನ್ನು ಏನೇ ಆಗಲಿ ನೋಡುತ್ತೇನೆ ಎಂದಳು. ನೋಡಿದರೂ ಮಾಡುವುದೇನಿತ್ತು? ಇಬ್ಬರು ಹೆಂಗಸರು ಕೈ ಕೈ ಹಿಸುಕಿಕೊಂಡು ಪರದೆಗೆ ಬೈದೆವು, ಪರದೆಯನ್ನು ಬೇಡಿಕೊಂಡೆವು. ಬ್ರೂನೊ ಎಡಕ್ಕೆ ನಿಂತಿದ್ದರೆ "ಬಲಕ್ಕೆ ಹೋಗು, ಬಲಕ್ಕೆ" ಎಂದು ಕೊಂಕಣಿಯಲ್ಲೇ ಕೂಗಿದ್ದೇನೆ. ನನ್ನ ಮಾತು ಆ ಗಾಜಿನಿಂದಾಚೆ ಒಂದು ಇಂಚೂ ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಕೂಗದೆ ಇರಲು ಆಗುತ್ತಿರಲಿಲ್ಲ.

ಇಲ್ಲಿ ನಮಗೆ ಶುಕ್ರವಾರವೇ ಪೂಜೆಯ ದಿನ. ಅಕ್ಟೋಬರಿನಲ್ಲಿ ಪ್ರತಿ ಶುಕ್ರವಾರ ಚರ್ಚಿನಲ್ಲಿ ಸಾಂತ್ ಆಂತೊನಿಗೆ ಮೇಣದಬತ್ತಿ ಹಚ್ಚಿದೆ. ಮೊದಮೊದಲು ನಮ್ಮ ಹುಡುಗರು ಗೆಲ್ಲಲಿ ಎಂದು ಬೇಡುತ್ತಿದ್ದೆ. ಆಮೇಲೆ ಅಷ್ಟು ಸಾಲದೆ, ಆ ಹೊಸ ತಂಡ ಸೋಲಲಿ ಎಂದು ಬೇಡುವ ಹಂತಕ್ಕೆ ಬಂದೆ. ಬೇಡುತ್ತಿರುವಾಗ ನಾಲಿಗೆ ತಡವರಿಸುತ್ತಿತ್ತು. ಆ ತಂಡದ ಗೋಲ್‌ಕೀಪರನಿಗೂ ಒಬ್ಬಳು ತಾಯಿ ಇರುತ್ತಾಳೆ, ಅವಳೂ ಎಲ್ಲೋ ಒಂದು ಬತ್ತಿ ಹಚ್ಚಿರುತ್ತಾಳೆ. ಸಾಂತ್ ಆಂತೊನ್ ಪಾಪ ಎಷ್ಟು ಜನರಿಗೆ ಎಂದು ಹೂಂ ಎನ್ನಬೇಕು? ಮಾರ್ತಾಳಿಗೆ ಇದನ್ನು ಹೇಳಿದರೆ ಅವಳು ನಗಲಿಲ್ಲ. "ಬೇಡು," ಎಂದಳು. "ಆಮೇಲೆ ಇಬ್ಬರೂ ಸೇರಿ ಕ್ಷಮೆ ಕೇಳೋಣ."

ಕೊನೆಯ ಪಂದ್ಯ ನವೆಂಬರಿನಲ್ಲಿ. ದೋಹಾದಲ್ಲಿ ಆಗ ಹವೆ ಬಲು ಚೆಂದ. ಏಸಿ ಬಂದ್ ಮಾಡಿ ಕಿಟಕಿ ತೆರೆದಿದ್ದೆವು, ಕೆಳಗೆ ಹಮೀದ್ ಭಾಯ್ ಯಾರನ್ನೋ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸುವುದು ಕೇಳುತ್ತಿತ್ತು. ವಿನ್ಸೆಂಟ್ ಆ ಶನಿವಾರ ಮನೆಯಲ್ಲಿದ್ದರೂ ನಮ್ಮ ಮುಖ ನೋಡಿ "ನಾನು ಬರುವುದಿಲ್ಲ, ನೀವೇ ನೋಡಿ" ಎಂದು ಮಲಗಿದ. ಲೆಕ್ಕ ಸರಳವಾಗಿತ್ತು. ನಮ್ಮ ತಂಡ ಗೆಲ್ಲಲೇಬೇಕು. ಅದೇ ಹೊತ್ತಿಗೆ ಇನ್ನೊಂದು ಮೈದಾನದಲ್ಲಿ ಆಡುತ್ತಿದ್ದ ಆ ಹೊಸ ತಂಡ ಗೆಲ್ಲಬಾರದು, ಸಮವಾದರೂ ನಮಗೆ ಸಾಕು. ಅವರ ಪಂದ್ಯ ತಿಳಿಯಲು ಆಪ್ ತೆರೆದಿಡಬೇಕಾಯಿತು. ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟೆ.

ಬ್ರೂನೊ ಆ ದಿನ ಆಡಿದ ಹಾಗೆ ವರ್ಷವಿಡೀ ಆಡಿರಲಿಲ್ಲ. ಸೆಪ್ಟೆಂಬರಿನಲ್ಲಿ ಸಿಳ್ಳೆ ಹಾಕಿದ ಅದೇ ಜನ ಅವನ ಹೆಸರು ಹಿಡಿದು ಹಾಡುತ್ತಿದ್ದರು. ಮೊದಲರ್ಧದಲ್ಲೇ ನಮ್ಮವರು ಒಂದು ಗೋಲು ಹೊಡೆದರು. ಆಮೇಲೆ ಎದುರಾಳಿಗಳು ಮಳೆ ಸುರಿದ ಹಾಗೆ ಮುಗಿಬಿದ್ದರು. ಅವನು ಹಾರಿದ, ಗುದ್ದಿದ, ಒಬ್ಬನ ಬೂಟಿನ ಮುಂದೆಯೇ ಮಲಗಿದ. ಮಾರ್ತಾ ನನ್ನ ಮುಂಗೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಎರಡು ದಿನ ಅದರ ಗುರುತು ಇತ್ತು. ನಡುನಡುವೆ ನಾನು ಫೋನು ಎತ್ತಿ ನೋಡುತ್ತಿದ್ದೆ. ಅಲ್ಲಿ ಸೊನ್ನೆ ಸೊನ್ನೆ. ಮತ್ತೆ ನೋಡಿದರೂ ಸೊನ್ನೆ ಸೊನ್ನೆ.

ಪರದೆಯಲ್ಲಿ ಆಟ ಮುಗಿಯಲು ಕ್ಷಣಗಳಿವೆ ಎನ್ನುವಾಗ ಫೋನು ಟಿಂಗ್ ಎಂದಿತು.

ಮಾರ್ತಾ ನನ್ನ ಕಡೆ ತಿರುಗಲಿಲ್ಲ. ಅವಳ ಹಿಡಿತ ಮಾತ್ರ ಸಡಿಲವಾಯಿತು. ನಾನು ಫೋನು ಎತ್ತಿದೆ. ಆ ಹೊಸ ತಂಡ ಗೋಲು ಹೊಡೆದಿತ್ತು. ನೋಡುತ್ತಿರುವಂತೆಯೇ ಅದರ ಕೆಳಗೆ ಪಂದ್ಯ ಮುಗಿಯಿತು ಎಂದು ಬಂತು.

"ಹೇಳು," ಎಂದಳು.

"ಅವರು ಗೆದ್ದರು, ಮಾರ್ತಾ."

ಸರಿಯಾಗಿ ಆಗಲೇ ಲ್ಯಾಪ್‌ಟಾಪಿನಲ್ಲಿ ನಮ್ಮ ಪಂದ್ಯ ಮುಗಿದ ಸೀಟಿ ಕೇಳಿಸಿತು. ನಾವೂ ಗೆದ್ದಿದ್ದೆವು. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದರು. ಬ್ರೂನೊ ಗೋಲಿನ ಮುಂದೆ ಮೊಣಕಾಲೂರಿ, ಎರಡೂ ಕೈಗವಸು ಮೇಲೆತ್ತಿ, ಬಾಯಿ ತೆರೆದು ನಗುತ್ತಿದ್ದ. ಕ್ಯಾಮೆರಾ ಅವನ ಹತ್ತಿರ ಹೋಯಿತು. ಮುಖದ ತುಂಬ ಮಣ್ಣು. ಅಷ್ಟು ಸಂತೋಷ ನಾನು ಆ ಹುಡುಗನ ಮುಖದಲ್ಲಿ ಕಂಡೇ ಇರಲಿಲ್ಲ. ಅವನಿಗೆ ಇನ್ನೂ ಗೊತ್ತಾಗಿರಲಿಲ್ಲ. ದೋಹಾದ ಈ ಮೂರನೆಯ ಮಹಡಿಯಲ್ಲಿ ಕೂತ ನಮಗೆ ಗೊತ್ತಿತ್ತು.

ಅವನ ಹಿಂದೆ, ಬೆಂಚಿನ ಕಡೆಯಿಂದ, ಜಾಕೆಟು ತೊಟ್ಟ ಒಬ್ಬ ಮುದುಕ ಅವನತ್ತ ನಡೆದು ಬರುತ್ತಿದ್ದ. ಕೈಯಲ್ಲಿ ಫೋನು. ಅವನಿಗೆ ಅವಸರವೇ ಇರಲಿಲ್ಲ.

"ಬೇಡ," ಎಂದಳು ಮಾರ್ತಾ. ನನಗಲ್ಲ, ಆ ಮುದುಕನಿಗೆ. "ಬೇಡ, ಈಗಲೇ ಹೇಳಬೇಡ. ಸ್ವಲ್ಪ ಇರು." ಹೇಳುತ್ತಲೇ ಕೈ ಚಾಚಿ ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು. ಚಿತ್ರ ನಿಂತಿತು. ಮುದುಕನ ಒಂದು ಕಾಲು ಎತ್ತಿದ ಹಾಗೇ ಇತ್ತು. ಬ್ರೂನೊ ನಗುತ್ತಿದ್ದ.

ನಾವು ಹಾಗೇ ಕೂತೆವು. ಎಷ್ಟು ಹೊತ್ತು ಎಂದು ನನಗೆ ತಿಳಿಯದು. ಅವಳು ಅಳಲಿಲ್ಲ. ಪರದೆಯನ್ನು ನೋಡುತ್ತಿದ್ದಳು, ಅಷ್ಟೇ. ಅಲ್ಲಿ ಎಲ್ಲವೂ ಮುಂದೆ ಹೋಗಿಯಾಗಿದೆ, ಆ ಮುದುಕ ಬಂದು ಹೇಳಿಯೂ ಆಗಿದೆ ಎಂದು ಅವಳಿಗೆ ಗೊತ್ತಿರಲಿಲ್ಲವೇ? ನನಗೂ ಗೊತ್ತಿತ್ತು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ.

ಆಗ ಅವಳ ಫೋನು ರಿಂಗಾಯಿತು. ಮೇಜಿನ ಮೇಲೆ ಬ್ರೂನೊನ ಹೆಸರು ಮಿನುಗುತ್ತಿತ್ತು. ಅದರ ಪಕ್ಕದಲ್ಲೇ, ಲ್ಯಾಪ್‌ಟಾಪಿನಲ್ಲಿ, ಅವನು ಇನ್ನೂ ನಗುತ್ತಲೇ ಇದ್ದ. ಮಾರ್ತಾ ಇದನ್ನೂ ನೋಡಿದಳು, ಅದನ್ನೂ ನೋಡಿದಳು. ಫೋನನ್ನು ಎತ್ತಿ ನನ್ನ ಕೈಯಲ್ಲಿಟ್ಟಳು.

"ನನ್ನಿಂದಾಗದು. ನೀನು ಮಾತಾಡು, ಇರೇನೆ."

ನಾನು ಕಿವಿಗಿಟ್ಟುಕೊಂಡೆ. ಆ ಕಡೆ ಗಂಡಸರು ಅಳುವ ಸದ್ದು, ಯಾವುದೋ ಬಾಗಿಲು ದಢಾರನೆ ಬಿದ್ದ ಸದ್ದು. ಅವುಗಳ ನಡುವೆ ತೀರಾ ಸಣ್ಣ ದನಿಯಲ್ಲಿ, "ಮಾಮಾ?" ಎಂದ.

ನಾನಲ್ಲ ಅವನ ತಾಯಿ ಎಂದು ಹೇಳಲು ನನಗೆ ಯಾವ ಭಾಷೆಯೂ ಬರಲಿಲ್ಲ. "ಹೂಂ, ಮಗಾ," ಎಂದೆ.